ಸ್ಕ್ರೂ ತಿರುಗಿಸೋ ಮೊದಲು ಪ್ಯಾಕಿಂಗ್ ನೋಡಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿಗಳು ಮಾತ್ರ ಹಳ್ಳಿ ರಸ್ತೆಗಳಲ್ಲಿ ಇನ್ನೂ ಓಡ್ತಿವೆ. ಅವುಗಳ ಬಗ್ಗೆ ಪದೇ ಪದೇ ಕೇಳೋ ದೂರು ಒಂದಿದೆ: ತಣ್ಣಗಿದ್ದಾಗ ಸರಿ, ನಾಲ್ಕಾರು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯಲ್ಲ. ಕಾರ್ಬುರೇಟರ್ ಮುಟ್ಟಿದರೆ ಕೈ ಸುಡುತ್ತೆ.

ಮೆಕ್ಯಾನಿಕ್ ಸ್ಲೋ ಸ್ಕ್ರೂ ತಿರುಗಿಸಿ ಕಳಿಸ್ತಾರೆ. ನನ್ನ ಪ್ರಕಾರ ಅದು ರಿಪೇರಿಯಲ್ಲ, ಕಾಯಿಲೆ ಮುಚ್ಚಿಡೋದು. ಕೇಬಲ್ ಸಡಿಲವಿದ್ದು, ಸ್ಲೈಡ್ ಪೂರ್ತಿ ಕೆಳಗಿಳಿದೂ ರೇಸ್ ಇದ್ದರೆ, ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗ್ತಿರೋ ಸಾಧ್ಯತೆಯೇ ಹೆಚ್ಚು. ಗಾಳಿ ಹೆಚ್ಚಿದರೆ ಎಂಜಿನ್ ಇನ್ನೂ ಕಾಯುತ್ತೆ. ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಬರೋದೂ ಪೆಟ್ರೋಲ್ ಜೊತೆಗೇ. ಕ್ಲಚ್ ಹಿಡಿಯೋ ಮೊದಲೇ ಪಿಸ್ಟನ್ ಸೀಜ್ ಆಗಿ ಹಿಂದಿನ ಚಕ್ರ ಕಚ್ಚಿಕೊಂಡರೆ ಸವಾರ ನೆಲಕ್ಕೆ.

ಹಾಗಾಗಿ ಮೊದಲು ಕಾರ್ಬುರೇಟರ್-ಸಿಲಿಂಡರ್ ಮಧ್ಯ ನೋಡಿಸಿ. ಅಲ್ಲಿ ಶಾಖ ತಡೆಯೋ ಫೈಬರ್ ಪ್ಯಾಕಿಂಗ್ ಇರಬೇಕು. ಬಿಚ್ಚಿದವರು ವಾಪಸ್ ಹಾಕದೆ ಬಿಟ್ಟಿರಬಹುದು. ನಟ್ ಜೋರಾಗಿ ಬಿಗಿದು ಫ್ಲೇಂಜ್ ಬಾಗಿರಲೂಬಹುದು. ಗಾಜಿನ ಮೇಲಿಟ್ಟರೆ ಗೊತ್ತಾಗುತ್ತೆ, ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ತಿಕ್ಕಿ ಸಮ ಮಾಡಬಹುದು. ಗಾಡಿ ಸ್ಟಾರ್ಟ್‌ನಲ್ಲಿಟ್ಟು ಜಾಯಿಂಟ್‌ಗೆ ಸೋಪ್ ನೀರು ಹಚ್ಚಿ. ರೇಸ್ ಬದಲಾದರೆ ಲೀಕ್ ಅಲ್ಲೇ. ಕೆಲವರು ಪೆಟ್ರೋಲ್ ಸುರಿದು ನೋಡ್ತಾರೆ. ಬಿಸಿ ಎಂಜಿನ್ ಮೇಲೆ ಅದು ಹುಚ್ಚಾಟ.

ಹೊಸ ಕಾರ್ಬುರೇಟರ್ ಕೊಳ್ಳೋ ಮಾತು ಇದೆಲ್ಲ ಆದಮೇಲೆ. ಅದಕ್ಕೂ ಮೊದಲು ಕ್ರ್ಯಾಂಕ್ ಆಯಿಲ್ ಸೀಲ್ ನೋಡಿಸಬೇಕು. ಅದು ದೊಡ್ಡ ಕೆಲಸ, ಮೆಕ್ಯಾನಿಕ್‌ಗೆ ಅವಸರ ಮಾಡದೆ ಗಾಡಿ ಬಿಟ್ಟು ಬನ್ನಿ.