ಹಳೇ ಆಲ್-ಇನ್-ಒನ್ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುಂಚೆ

ಕಳೆದ ವರ್ಷ ನಾವೊಂದು ತಪ್ಪು ಸುದ್ದಿ ಹಾಕಿದೆವು. ಒಂದು ಗ್ರಾಮ ಪಂಚಾಯಿತಿಯ ಎರಡು ವರ್ಷದ ಕಾಮಗಾರಿ ಪಟ್ಟಿ ಹೋಲಿಸಿ, ಒಂದೇ ಚರಂಡಿಗೆ ಎರಡು ಸಲ ಬಿಲ್ ಆಗಿದೆ ಎಂದು ಬರೆದೆವು. ಆಗಿರಲಿಲ್ಲ. ಎರಡನೇ ಪಟ್ಟಿಯಲ್ಲಿ ನಾವು ಒಂದು ಸಾಲು ಕೆಳಗೆ ಓದಿದ್ದೆವು. ಮಾರನೇ ದಿನ ತಿದ್ದುಪಡಿ ಹಾಕಿ ಕ್ಷಮೆ ಕೇಳಿದ್ದೂ ಆಯಿತು, ಆ ವಾರ್ಡಿನ ಸದಸ್ಯರಿಂದ ಬೈಸಿಕೊಂಡಿದ್ದೂ ಆಯಿತು. ಬೈದದ್ದು ಸರಿಯೇ.

14 ಇಂಚಿನ ಲ್ಯಾಪ್‌ಟಾಪಿನಲ್ಲಿ ಎರಡು ಪಟ್ಟಿ, ಒಂದು ಬರಹ, ಹೀಗೆ ಮೂರು ಕಿಟಕಿಗಳನ್ನು ಅದಲುಬದಲು ಮಾಡುತ್ತಾ ಕೂತರೆ ಕಣ್ಣು ತಪ್ಪುತ್ತದೆ. ಪಹಣಿ ನೋಡಿ ಅರ್ಜಿ ತುಂಬುವ ಸೇವಾ ಕೇಂದ್ರದ ಹುಡುಗನಿಗೂ, ಪಾಠ ಕೇಳುತ್ತಾ ನೋಟ್ಸ್ ಮಾಡುವ ಡಿಗ್ರಿ ಹುಡುಗಿಗೂ ಇದೇ ಕಷ್ಟ. ಎರಡನೇ ಪರದೆ ಅಂದರೆ ಶೋಕಿ ಎನ್ನುವವರಿಗೆ ನಮ್ಮ ಚರಂಡಿ ಕಥೆಯೇ ಉತ್ತರ.

ಪರದೆ ಕೊಳ್ಳಲು ದುಡ್ಡಿರಲಿಲ್ಲ. ಆದರೆ ಮೂಲೆಯಲ್ಲಿ ಒಂದು ಹಳೇ ಆಲ್-ಇನ್-ಒನ್ ಇತ್ತು. ಅಂದರೆ ಪರದೆಯ ಬೆನ್ನಿಗೇ ಇಡೀ ಕಂಪ್ಯೂಟರ್ ಅಂಟಿಕೊಂಡಿರುವ ಪೆಟ್ಟಿಗೆ, ಕೆಳಗೆ ಬೇರೆ ಸಿಪಿಯು ಇರುವುದಿಲ್ಲ. ಆನ್ ಮಾಡಿ ಚಹಾ ಕುಡಿದು ಬಂದರೂ ತೆರೆದುಕೊಳ್ಳದಷ್ಟು ನಿಧಾನ. ಪರದೆ ಮಾತ್ರ ಹೊಸದರ ಹಾಗಿದೆ. ಗುಜರಿಯವನಿಗೆ ಅದು ಬರೀ ತೂಕ.

ತಾಲ್ಲೂಕು ಪೇಟೆಗೆ ಹೋಗಿ ಎಚ್‌ಡಿಎಂಐ ಕೇಬಲ್ ತಂದು ಎರಡಕ್ಕೂ ಚುಚ್ಚಿದೆವು. ಏನೂ ಬರಲಿಲ್ಲ. ಅಂಗಡಿಯವರು ಲ್ಯಾಪ್‌ಟಾಪಿನ ಪೋರ್ಟ್ ಹೋಗಿದೆ ಎಂದರು. ಹೋಗಿರಲಿಲ್ಲ. ಬಹಳಷ್ಟು ಆಲ್-ಇನ್-ಒನ್‌ಗಳಲ್ಲಿ ಎಚ್‌ಡಿಎಂಐ ಕಿಂಡಿ ಇರುವುದು ಚಿತ್ರವನ್ನು ಹೊರಗೆ ಕಳಿಸಲು ಮಾತ್ರ. ಬಾವಿ ಪೈಪಿನ ಫುಟ್‌ವಾಲ್ವ್ ಇದ್ದ ಹಾಗೆ, ಒಂದೇ ದಿಕ್ಕು. ಯಾವ ಕನ್ವರ್ಟರ್ ತಂದು ಹಾಕಿದರೂ ಹೊರಗಿನ ಚಿತ್ರ ಒಳಗೆ ಬರುವುದಿಲ್ಲ. ಕಿಂಡಿಯ ಪಕ್ಕ 'ಇನ್' ಎಂದು ಬರೆದಿದ್ದರೆ ಮಾತ್ರ ನಿಮ್ಮ ಅದೃಷ್ಟ.

ನಮ್ಮ ತಕರಾರು ಇರುವುದು ಇಲ್ಲೇ. ಇದು ಆಗದ ಕೆಲಸವಲ್ಲ. ಆಪಲ್ ಕಂಪನಿ 2009ರ ಕೊನೆಯ 27 ಇಂಚಿನ ಐಮ್ಯಾಕ್‌ನಿಂದ 2014ರ ಮಧ್ಯದ ಮಾದರಿಯವರೆಗೆ ಈ ಸೌಲಭ್ಯ ಕೊಟ್ಟಿತ್ತು. ಸರಿಯಾದ ಕೇಬಲ್ ಹಾಕಿ ಕೀಬೋರ್ಡಿನಲ್ಲಿ ಕಮಾಂಡ್ ಮತ್ತು ಎಫ್2 ಒತ್ತಿದರೆ ಐಮ್ಯಾಕ್ ಬರೀ ಪರದೆಯಾಗುತ್ತಿತ್ತು. 2014ರ ಕೊನೆಗೆ 5ಕೆ ಪರದೆ ಬಂದ ಮೇಲೆ ಅದು ನಿಂತಿತು. ಅಷ್ಟು ಚುಕ್ಕಿಗಳ ಚಿತ್ರವನ್ನು ಹೊರುವ ಶಕ್ತಿ ಆಗಿನ ಒಂದು ಕೇಬಲ್ಲಿಗೆ ಇರಲಿಲ್ಲ. ಆ ಕಾರಣ ಒಪ್ಪೋಣ. ಆದರೆ ನಮ್ಮ ಶಾಲೆ, ಸೊಸೈಟಿ, ಪಂಚಾಯಿತಿ ಮೇಜಿನ ಮೇಲಿರುವುದು ಸಾಮಾನ್ಯ ಫುಲ್ ಎಚ್‌ಡಿ ಪರದೆ. ಅದಕ್ಕೆ ಸಾದಾ ಎಚ್‌ಡಿಎಂಐ ಕೇಬಲ್ ಧಾರಾಳವಾಗಿ ಸಾಕು. ಒಂದು ಕಿಂಡಿ ಹೆಚ್ಚು ಕೊಡದೆ ಉಳಿಸಿದ್ದು ಕಂಪನಿಯ ಖರ್ಚು. ಕಂಪ್ಯೂಟರ್ ಹಳತಾದಾಗ ಅದರ ಜೊತೆ ಒಳ್ಳೇ ಪರದೆಯನ್ನೂ ಕಳೆದುಕೊಳ್ಳುವವರು ನಾವು.

ಹಾಗಂತ ಸುಮ್ಮನೆ ಕೂರಬೇಕಿಲ್ಲ. ಹಳೆಯದರಲ್ಲಿ ವಿಂಡೋಸ್ 10 ಇದ್ದು, ಎರಡರಲ್ಲೂ ಅದಕ್ಕೆ ಒಗ್ಗುವ ವೈಫೈ ಇದ್ದರೆ, ಹಳೆಯದರ ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್‌ಗೆ ಹೋಗಿ 'ವೈರ್‌ಲೆಸ್ ಡಿಸ್‌ಪ್ಲೇ' ಹಾಕಿಕೊಳ್ಳಿ. ಆಮೇಲೆ 'ಪ್ರೊಜೆಕ್ಟಿಂಗ್ ಟು ದಿಸ್ ಪಿಸಿ' ಚಾಲೂ ಮಾಡಿ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀ ಜೊತೆ ಕೆ ಒತ್ತಿದರೆ ಹಳೆಯದರ ಹೆಸರು ಕಾಣಿಸುತ್ತದೆ. ವಿಂಡೋಸ್ ಕೀ ಜೊತೆ ಪಿ ಒತ್ತಿ 'ಎಕ್ಸ್‌ಟೆಂಡ್' ಆರಿಸಿ.

ನಮ್ಮದರ ವೈಫೈ ಇದಕ್ಕೆ ಒಗ್ಗಲಿಲ್ಲ. ಸ್ಪೇಸ್‌ಡೆಸ್ಕ್ ಎಂಬ ತಂತ್ರಾಂಶ ಹಾಕಿದೆವು. ಲ್ಯಾಪ್‌ಟಾಪಿಗೆ ಅದರ ಡ್ರೈವರ್, ಹಳೆಯದಕ್ಕೆ ವ್ಯೂವರ್, ನಡುವೆ ಒಂದು ನೆಟ್‌ವರ್ಕ್ ಕೇಬಲ್. ಒಮ್ಮೆ ಹಾಕಿಕೊಂಡ ಮೇಲೆ ಇಂಟರ್ನೆಟ್ಟೇ ಬೇಡ. ಇದರಲ್ಲಿ ಇನ್ನೊಂದು ಲಾಭವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂಥ ಯಂತ್ರದಲ್ಲಿ ಬ್ಯಾಂಕು, ಆಧಾರ್ ಕೆಲಸ ಮಾಡುವುದು ಅಪಾಯ. ಇಂಟರ್ನೆಟ್ಟಿನಿಂದ ಬಿಡಿಸಿ ಬರೀ ಪರದೆ ಮಾಡಿಕೊಂಡರೆ ಆ ಚಿಂತೆ ಬಹುಮಟ್ಟಿಗೆ ತಪ್ಪುತ್ತದೆ.

ಕೊರತೆಗಳನ್ನೂ ಹೇಳಬೇಕು. ಮೌಸಿನ ಬಾಣ ಸ್ವಲ್ಪ ಹಿಂದೆ ಬೀಳುತ್ತದೆ, ವಿಡಿಯೋ ಎಡಿಟಿಂಗ್‌ಗೆ ಇದು ಆಗದು. ಪಟ್ಟಿ, ಪಿಡಿಎಫ್, ಬರಹಕ್ಕೆ ಅಡ್ಡಿಯಿಲ್ಲ. ಪರದೆಗಾಗಿ ಇಡೀ ಕಂಪ್ಯೂಟರನ್ನೇ ಓಡಿಸುವುದರಿಂದ ಸಾದಾ ಮಾನಿಟರಿಗಿಂತ ಕರೆಂಟ್ ಹೆಚ್ಚು ಎಳೆಯುತ್ತದೆ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಇದು ಯುಪಿಎಸ್ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ನಮ್ಮೂರ ಕರೆಂಟಿನ ವಿಷಯ ನಿಮಗೆ ಹೇಳಬೇಕಿಲ್ಲ.

ಮದರ್‌ಬೋರ್ಡೇ ಸತ್ತಿದ್ದರೆ? ಪರದೆಯ ಹಾಳೆಯನ್ನು ಬಿಚ್ಚಿ, ಅದರ ಬೆನ್ನಿನ ಮೇಲಿರುವ ಮಾದರಿ ಸಂಖ್ಯೆಗೆ ಹೊಂದುವ ಕಂಟ್ರೋಲರ್ ಬೋರ್ಡ್ ಕೂರಿಸಿದರೆ ಅದು ನಿಜವಾದ ಮಾನಿಟರ್ ಆಗುತ್ತದೆ. ಇದನ್ನು ರಿಪೇರಿ ಗೊತ್ತಿದ್ದವರ ಕೈಯಲ್ಲೇ ಮಾಡಿಸಿ. ವೈರ್ ಕಿತ್ತ ಮೇಲೂ ಒಳಗಿನ ಪವರ್ ಬೋರ್ಡ್ ಶಾಕ್ ಹೊಡೆಯಬಹುದು.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಹಳೇ ಯಂತ್ರಗಳನ್ನು ಮರುಬಳಕೆಯ ಘಟಕಕ್ಕೆ ತಲುಪಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಒಳ್ಳೆಯದೇ. ಆದರೆ ಚೆನ್ನಾಗಿರುವ ಪರದೆಯನ್ನು ಪುಡಿ ಮಾಡಿ ಲೋಹ ತೆಗೆಯುವ ಮುಂಚೆ ಅದನ್ನು ಇನ್ನೈದು ವರ್ಷ ನೋಡಬಹುದಲ್ಲ? ಶಾಲೆಯಲ್ಲಿ, ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಮುಸುಕು ಹೊದ್ದು ಕೂತಿರುವ ಆಲ್-ಇನ್-ಒನ್ ಇದ್ದರೆ, ಹರಾಜಿನ ಪಟ್ಟಿಗೆ ಸೇರಿಸುವ ಮೊದಲು ಒಂದು ಸಲ ಆನ್ ಮಾಡಿ ನೋಡಲಿ. ಹೊಸದನ್ನು ತರಿಸುವ ಮುಖ್ಯಶಿಕ್ಷಕರು, ಪಿಡಿಒಗಳು ಕೊಟೇಶನ್ ಕೇಳುವಾಗಲೇ 'ಎಚ್‌ಡಿಎಂಐ ಇನ್ ಇರಬೇಕು' ಎಂದು ಒಂದು ಸಾಲು ಸೇರಿಸಲಿ. ಅಂಥ ಮಾದರಿಗಳು ಮಾರುಕಟ್ಟೆಯಲ್ಲಿವೆ, ಕೇಳದಿದ್ದರೆ ಅಂಗಡಿಯವರು ತೋರಿಸುವುದಿಲ್ಲ.

ಈ ಸಲದ ಕಾಮಗಾರಿ ಪಟ್ಟಿಯನ್ನು ನಾವು ಎರಡು ಪರದೆಯಲ್ಲಿ ಅಕ್ಕಪಕ್ಕ ಇಟ್ಟುಕೊಂಡು ಓದುತ್ತಿದ್ದೇವೆ. ಚರಂಡಿಯ ಸಾಲನ್ನು ಮೂರು ಸಲ ನೋಡಿಯಾಯಿತು.