ಅಂತರ್ಜಾಲದ ಅತಿವೃಷ್ಟಿ

ಮಳೆಯಿಲ್ಲದೆ ಬೆಳೆ ಒಣಗುವಂತೆ ಮಳೆ ಹೆಚ್ಚಾಗಿ ಕೊಳೆಯುವುದೂ ಉಂಟೆಂಬುದು ನಮ್ಮ ಒಕ್ಕಲಿಗನಿಗೆ ತಿಳಿದ ಮಾತು. ಅಂತರ್ಜಾಲದ ಹೊಲದಲ್ಲಿ ಈಗ ಎರಡನೆಯದು ಸಂಭವಿಸಿದೆ. ಪ್ರತಿ ನಿಮಿಷಕ್ಕೆ 500 ಗಂಟೆಗಳಿಗೂ ಮಿಗಿಲಾದ ವಿಡಿಯೊಗಳು ತನ್ನಲ್ಲಿಗೆ ಬಂದು ಸೇರುತ್ತಿವೆಯೆಂದು ಯೂಟ್ಯೂಬ್ ಸಂಸ್ಥೆಯು 2019ರ ವೇಳೆಗಾಗಲೇ ಹೇಳಿಕೊಂಡಿತ್ತು. ಒಂದೇ ದಿನದ ಆ ಸರಕನ್ನು ನೋಡಿ ಮುಗಿಸಬೇಕೆಂದರೆ, ಊಟ ನಿದ್ರೆಗಳನ್ನು ತೊರೆದು ಕುಳಿತವನಿಗೂ 82 ವರ್ಷಗಳು ಹಿಡಿದಾವು! 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಹೊರಬಂದ ತರುವಾಯ ಮನುಷ್ಯನ ಕೈಯೊಡನೆ ಯಂತ್ರದ ಕೈಯೂ ಸೇರಿತು. ತನಗೆ ದಿನವೂ ಬರುವ ಹೊಸ ಹಾಡುಗಳಲ್ಲಿ ಶೇಕಡಾ 18ರಷ್ಟು, ಎಂದರೆ 20,000ಕ್ಕೂ ಹೆಚ್ಚು, ಸಂಪೂರ್ಣವಾಗಿ ಯಂತ್ರನಿರ್ಮಿತವೆಂದು ಫ್ರಾನ್ಸಿನ ಡೀಜರ್ ಎಂಬ ಸಂಗೀತ ಸಂಸ್ಥೆಯು 2025ರ ಏಪ್ರಿಲಿನಲ್ಲಿ ಪ್ರಕಟಿಸಿತು. ಇಂಥ ಸರಕಿಗೆ ಇಂಗ್ಲಿಷಿನವರು ‘ಸ್ಲಾಪ್’ ಎಂಬ ಹೆಸರಿಟ್ಟಿದ್ದಾರೆ. ಹಂದಿಗೆ ಹಾಕುವ ಕಲಗಚ್ಚೆಂದು ಅದರ ಭಾವ.

ಈ ನೆರೆಯ ನಡುವೆ ವಿಡಿಯೊ ಮಾಡುವುದನ್ನೇ ಕಸುಬಾಗಿ ಹಿಡಿಯಹೊರಟ ನಮ್ಮ ತರುಣ ತರುಣಿಯರ ಗತಿಯೇನು? ಇದು ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. 2016ರಲ್ಲಿ ಜಿಯೊ ಬಂದು ಅಂತರ್ಜಾಲದ ಬೆಲೆ ಕುಸಿದಂದಿನಿಂದ ಮುಂಬಯಿ, ಪುಣೆ, ಹೈದರಾಬಾದುಗಳ ಅನೇಕ ಕನ್ನಡ ಮನೆಗಳಲ್ಲಿ ಇದು ಉದ್ಯೋಗದ ಪ್ರಶ್ನೆಯೇ ಆಗಿದೆ. ಇವರಿಗೆ ಉಪದೇಶ ಮಾರುವವರಿಗೂ ಕೊರತೆಯಿಲ್ಲ. “ದಿನಕ್ಕೊಂದು ಹಾಕಿ, ಸಾಧ್ಯವಾದರೆ ಮೂರು ಹಾಕಿ” ಎಂಬುದು ಆ ಉಪದೇಶದ ತಿರುಳು.

ನಮ್ಮ ಅಭಿಪ್ರಾಯದಲ್ಲಿ ಇದು ಸರ್ವಥಾ ತಪ್ಪುದಾರಿ. ಸಮಾಚಾರ ಹೇರಳವಾದಷ್ಟೂ ಅದನ್ನು ಗ್ರಹಿಸುವ ಮನುಷ್ಯನ ಗಮನವು ದುರ್ಲಭವಾಗುವುದೆಂದು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ನರು 1971ರಷ್ಟು ಹಿಂದೆಯೇ ಎಚ್ಚರಿಸಿದ್ದರು. ಗಮನವು ದುರ್ಲಭವಾದ ಪೇಟೆಯಲ್ಲಿ ಸರಕನ್ನು ಇನ್ನಷ್ಟು ಸುರಿಯುವುದರಿಂದ ಪ್ರಯೋಜನವೇನು? ಅದೂ ದಣಿವನ್ನರಿಯದ ಯಂತ್ರದೊಡನೆ ಸ್ಪರ್ಧೆಗೆ ನಿಂತು!

ಎಲ್ಲರೂ ಒಂದೇ ತೆರನಾಗಿ ಕಾಣುವುದಕ್ಕೆ ಕಾರಣವನ್ನು ಜಾಲತಾಣಗಳ ವ್ಯವಸ್ಥೆಯಲ್ಲಿಯೇ ಹುಡುಕಬೇಕು. ಎಷ್ಟು ಜನ ನೋಡಿದರೆಂಬುದಕ್ಕಿಂತ ಎಷ್ಟು ಹೊತ್ತು ನೋಡಿದರೆಂಬುದನ್ನು ಯೂಟ್ಯೂಬ್ 2012ರಿಂದ ಮುಖ್ಯವಾಗಿ ಪರಿಗಣಿಸತೊಡಗಿತು. ಮುಖಚಿತ್ರವನ್ನು ಕಂಡು ಎಷ್ಟು ಜನ ಒತ್ತಿದರು, ಒತ್ತಿದವರು ಎಷ್ಟು ಹೊತ್ತು ನಿಂತರು ಎಂಬ ಲೆಕ್ಕದ ಮೇಲೆ ಯಂತ್ರವು ಅದನ್ನು ಮತ್ತಷ್ಟು ಜನರ ಮುಂದೊಡ್ಡುತ್ತದೆ. ಒಬ್ಬನು ಬಾಯಿ ಕಳೆದು ಕಣ್ಣರಳಿಸಿದ ಮುಖಚಿತ್ರದಿಂದ ಗೆದ್ದರೆ ಮರುದಿನ ಸಾವಿರ ಜನ ಬಾಯಿ ಕಳೆಯುತ್ತಾರೆ. ಅನುಕರಣೆಯಿಂದ ಅಲ್ಪಕಾಲದ ಲಾಭ ಇದ್ದೀತು. ಆದರೆ ಯಾರು ಬೇಕಾದರೂ ಮಾಡಬಲ್ಲುದನ್ನು ಯಂತ್ರವು ಇನ್ನೂ ಅಗ್ಗವಾಗಿ ಮಾಡುತ್ತದೆ.

ಈ ಸಂತೆಯಲ್ಲಿ ನಿಜವಾಗಿ ಎದ್ದು ನಿಂತವರು ಯಾರೆಂದು ನೋಡೋಣ. ತಮಿಳುನಾಡಿನ ಪುದುಕೋಟ್ಟೈ ಜಿಲ್ಲೆಯ ಹಳ್ಳಿಯೊಂದರಲ್ಲಿ ಅಜ್ಜನೂ ಮೊಮ್ಮಕ್ಕಳೂ ಬಯಲಿನಲ್ಲಿ ಒಲೆ ಹೂಡಿ ಹಂಡೆಗಟ್ಟಲೆ ಅಡುಗೆ ಮಾಡುವ ‘ವಿಲೇಜ್ ಕುಕಿಂಗ್ ಚಾನೆಲ್’ 2021ರಲ್ಲಿ 1 ಕೋಟಿ ಚಂದಾದಾರರನ್ನು ಪಡೆದ ಮೊದಲ ತಮಿಳು ವಾಹಿನಿಯಾಯಿತು. ಅವರು ಹಿಂದಿಗಾಗಲಿ ಇಂಗ್ಲಿಷಿಗಾಗಲಿ ಹೊರಳಲಿಲ್ಲ. ಕನ್ನಡದಲ್ಲಿ ‘ಡಾ. ಬ್ರೋ’ ಎಂಬ ತರುಣನು ದೇಶವಿದೇಶಗಳನ್ನು ಸುತ್ತಿ, ನೆರೆಮನೆಯವನೊಡನೆ ಆಡುವ ಸಲುಗೆಯ ಮಾತಿನಲ್ಲಿ ಅವನ್ನು ಬಣ್ಣಿಸಿ ಲಕ್ಷೋಪಲಕ್ಷ ಜನರನ್ನು ಒಲಿಸಿಕೊಂಡನು. ಪ್ರವಾಸದ ವಿಡಿಯೊಗಳಿಗೆ ಜಗತ್ತಿನಲ್ಲಿ ಬರವಿರಲಿಲ್ಲ; ಆ ಮಾತಿನ ಧಾಟಿಗೆ ಮಾತ್ರ ಬರವಿತ್ತು. ಹೊರನಾಡಿಗರಾದ ನಮಗೆ ಇನ್ನೂ ಹತ್ತಿರದ ನಿದರ್ಶನವೆಂದರೆ ಕಾಸರಗೋಡಿನ ‘ಭಟ್ ಎನ್ ಭಟ್’ ವಾಹಿನಿ. ಕೇರಳದೊಳಗಿನ ಕನ್ನಡ ಮನೆಯ ಹಿತ್ತಿಲು, ಹಲಸು, ತಂಬುಳಿ, ಗೊಜ್ಜು, ಇವೇ ಅದರ ಬಂಡವಾಳ. ದೊಡ್ಡ ಪಟ್ಟಣದ ಸ್ಟುಡಿಯೊದಲ್ಲಿ ಅದನ್ನು ನಕಲು ಮಾಡಲು ಹೋದರೆ ಹಿತ್ತಿಲನ್ನು ಎಲ್ಲಿಂದ ತರುವುದು?

ಚಿಕ್ಕ ಭಾಷೆಯಲ್ಲಿ ಮಾಡಿದರೆ ಬದುಕು ನಡೆದೀತೇ ಎಂಬ ಶಂಕೆ ಸಹಜವೇ. ಆದರೆ 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು 4 ಕೋಟಿ 37 ಲಕ್ಷ. ಮಹಾರಾಷ್ಟ್ರದಲ್ಲಿಯೇ ಸುಮಾರು 10 ಲಕ್ಷ, ತಮಿಳುನಾಡಿನಲ್ಲಿ ಅದಕ್ಕೂ ಮಿಗಿಲು. ಒಬ್ಬ ಕಲಾವಿದನ ಜೀವನಕ್ಕೆ 1,000 ಮಂದಿ ನಿಷ್ಠಾವಂತ ಅಭಿಮಾನಿಗಳು ಸಾಕೆಂದು ಅಮೆರಿಕದ ಕೆವಿನ್ ಕೆಲಿಯವರು 2008ರಲ್ಲಿ ವಾದಿಸಿದ್ದರು. ಅವರ ಲೆಕ್ಕವು ಡಾಲರಿನದು. ಅದನ್ನು ಹಾಗೆಯೇ ಇಲ್ಲಿಗೆ ಇಳಿಸಲಾಗದು. ಜಾಹೀರಾತಿನಿಂದ ಪಾಲು ಪಡೆಯಲು ಯೂಟ್ಯೂಬಿನಲ್ಲಿ 1,000 ಚಂದಾದಾರರೊಡನೆ ವರ್ಷಕ್ಕೆ 4,000 ಗಂಟೆಗಳ ವೀಕ್ಷಣೆಯಾದರೂ ಬೇಕು, ಇಲ್ಲವೆ ಕಿರುವಿಡಿಯೊಗಳು 90 ದಿನಗಳಲ್ಲಿ 1 ಕೋಟಿ ಸಲ ನೋಡಲ್ಪಡಬೇಕು. ಆ ಮೇಲೂ ಭಾರತದ ಜಾಹೀರಾತು ದರವು ಅಮೆರಿಕದ ದರಕ್ಕಿಂತ ಬಹಳ ಕೆಳಗಿನದು. ಆದುದರಿಂದ ಇರುವ ನೌಕರಿಗೆ ರಾಜೀನಾಮೆ ಕೊಟ್ಟು ಈ ಕಸುಬಿಗಿಳಿಯುವುದನ್ನು ನಾವು ಅನುಮೋದಿಸಲಾರೆವು.

ಇನ್ನೊಂದು ಅಪಾಯವೂ ಉಂಟು. 2020ರ ಜೂನ್ 29ರಂದು ಭಾರತ ಸರಕಾರವು ಟಿಕ್‌ಟಾಕನ್ನು ನಿಷೇಧಿಸಿದಾಗ, ವರ್ಷಗಟ್ಟಲೆ ಕೂಡಿಸಿದ ಅಭಿಮಾನಿ ಬಳಗವನ್ನು ನಮ್ಮ ಎಷ್ಟೋ ಹುಡುಗರು ರಾತ್ರಿ ಬೆಳಗಾಗುವುದರೊಳಗೆ ಕಳೆದುಕೊಂಡರು. ನಿಷೇಧದ ಯುಕ್ತಾಯುಕ್ತತೆ ಬೇರೆಯ ಮಾತು. ನೋಡುಗರ ವಿಳಾಸವು ಪರರ ಪೆಟ್ಟಿಗೆಯಲ್ಲಿದ್ದರೆ ಬೀಗದ ಕೈಯೂ ಪರರದೇ. ಆಸಕ್ತರ ಇಮೇಲ್ ವಿಳಾಸಗಳನ್ನು ಅವರ ಒಪ್ಪಿಗೆಯಿಂದ ತಾವೇ ಪಡೆದಿಟ್ಟುಕೊಳ್ಳುವುದು, ವರ್ಷಕ್ಕೊಮ್ಮೆಯಾದರೂ ಅವರನ್ನು ಮುಖತಃ ಕಾಣುವುದು, ಇವು ಸಾಧಾರಣ ಜಾಗ್ರತೆಗಳು.

ಹಾಗಾದರೆ ಹೊರನಾಡ ಕನ್ನಡಿಗನಲ್ಲಿ ಬೇರೆಯವರಲ್ಲಿಲ್ಲದ ವಸ್ತುವೇನಿದೆ? ಬೇಕಾದಷ್ಟಿದೆ, ಆದರೆ ನಮ್ಮ ಸಂಘಗಳು ಅಂತರ್ಜಾಲಕ್ಕೆ ಏರಿಸುವುದು ಮಾತ್ರ ಬಹುಮಟ್ಟಿಗೆ ವಾರ್ಷಿಕೋತ್ಸವದ ಮೂರು ಗಂಟೆಗಳ ವಿಡಿಯೊಗಳನ್ನು. ಅದರಲ್ಲಿ ಒಂದು ಗಂಟೆ ಶಾಲು ಹೊದಿಸುವುದಕ್ಕೇ ಸಲ್ಲುತ್ತದೆ. (ಶಾಲು ಹೊದೆದವರೂ ಅದನ್ನು ಎರಡನೆಯ ಬಾರಿ ನೋಡುವುದು ಸಂಶಯವೇ.) ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿದ್ದು, ನೂರು ವರ್ಷಗಳಲ್ಲಿ ಅಲ್ಲಿ ಯಾರು ಯಾವ ನಾಟಕವಾಡಿದರು? ಅದೇ ಮಾಟುಂಗದಲ್ಲಿ ರಾಮನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಪಂಕ್ತಿಯಲ್ಲಿ ಉಂಡು ಬಾಳು ಕಟ್ಟಿಕೊಂಡವರ ಕಥೆಗಳೆಷ್ಟು? ಮುಂಬಯಿಗೆ ಬಂದು ಬೆಳಗಿಳಿದರೆ ಯಕ್ಷಗಾನದ ವೇಷ ಕಳಚಿ ಕಚೇರಿಗೆ ಓಡಿದವರೆಷ್ಟು ಮಂದಿ? ಇವನ್ನು ಬೆಂಗಳೂರಿನ ಸ್ಟುಡಿಯೊ ಚಿತ್ರಿಸಲಾರದು, ಯಂತ್ರವೂ ಊಹಿಸಿ ಬರೆಯಲಾರದು. ಏಕೆಂದರೆ ಇವುಗಳಲ್ಲಿ ಬಹುಪಾಲು ದಾಖಲಾಗಿಲ್ಲ, ಕೇಳಿಯೇ ತಿಳಿಯಬೇಕು. ತಿಂಗಳಿಗೊಂದೇ ವಿಡಿಯೊ ಆದರೂ ಚಿಂತೆಯಿಲ್ಲ. ಪುನರಾವರ್ತನೆಯ ಸರಕಿಗೆ ಹಣ ಕೊಡುವುದಿಲ್ಲವೆಂಬ ನಿಯಮವನ್ನು ಯೂಟ್ಯೂಬ್ ತಾನೇ 2025ರ ಜುಲೈಯಲ್ಲಿ ಇನ್ನಷ್ಟು ಸ್ಪಷ್ಟಪಡಿಸಿದೆ.

ಕೆಲಸಕ್ಕೆ ಒಂದು ಮೊಬೈಲೂ ಒಳ್ಳೆಯ ಮೈಕೂ ಸಾಕು. ತಡಮಾಡುವಂತಿಲ್ಲವೆಂಬುದಷ್ಟೇ ಕಷ್ಟ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತ 1950ರ ದಶಕದ ಹುಡುಗರಲ್ಲಿ ಉಳಿದವರು ಈಗ ಎಂಬತ್ತು ದಾಟಿದ್ದಾರೆ.