ತಾಳೆ ನೋಡುವ ಖರ್ಚು

ಬೆಂಗಳೂರಿನ ಮಾಮೂಲ್‌ಪೇಟೆಯ ಸಗಟು ವ್ಯಾಪಾರಿಗೆ ಎಐ ಕೈಗೆಟುಕುತ್ತದೆಯೇ ಎಂಬ ಪ್ರಶ್ನೆ ಈಗ ಹಳತು. 2025ರ ಜುಲೈಯಲ್ಲಿ ಏರ್‌ಟೆಲ್ ತನ್ನ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿ ಪ್ರೊ ಎಂಬ ಎಐ ಸೇವೆ ಒಂದು ವರ್ಷ ಪುಕ್ಕಟೆ ಎಂದಿತು. ತಿಂಗಳಿಗೆ 399 ರೂಪಾಯಿಯ ಚಾಟ್‌ಜಿಪಿಟಿ ಗೋ ನವೆಂಬರ್‌ನಲ್ಲಿ ಅದೇ ದಾರಿ ಹಿಡಿಯಿತು. ಆದರೆ ಅಗ್ಗವೋ ದುಬಾರಿಯೋ ಎಂಬುದು ಚಂದಾ ಹಣದಿಂದ ತೀರ್ಮಾನವಾಗುವುದಿಲ್ಲ. ಯಂತ್ರ ಕೊಟ್ಟ ಉತ್ತರವನ್ನು ತಾಳೆ ನೋಡಲು ಎಷ್ಟು ಹೊತ್ತು ಬೇಕು ಎಂಬುದರಿಂದ ಆಗುತ್ತದೆ.

ಬಾಕಿ ಉಳಿಸಿಕೊಂಡ ಹಳೇ ಗಿರಾಕಿಗೆ ಮನಸ್ಸು ನೋಯದಂತೆ ಒಂದು ವಾಟ್ಸ್‌ಆ್ಯಪ್ ಸಂದೇಶ ಬೇಕು. ಮಾಲು ಕಳಿಸುವವರಿಗೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಪತ್ರ ಹೋಗಬೇಕು. ಫೋನಿಗೆ ಕನ್ನಡದಲ್ಲಿ ಹೇಳಿದರೆ ಕರಡು ಸಿದ್ಧ. ಏನು ಹೇಳಬೇಕೆಂದು ಮಾಲೀಕನಿಗೇ ಗೊತ್ತಿರುವುದರಿಂದ, ಕನ್ನಡದ ಕರಡನ್ನು ಒಮ್ಮೆ ಓದಿದರೆ ತಪ್ಪು ಕಣ್ಣಿಗೆ ಬೀಳುತ್ತದೆ. ಆಮೇಲೆ ಅದನ್ನು ಬೇಕಾದ ಭಾಷೆಗೆ ತಿರುಗಿಸಿಕೊಳ್ಳಬಹುದು. ಇಂಗ್ಲಿಷ್ ಬಾರದೆಂದು ದೂರದ ವ್ಯಾಪಾರವನ್ನೇ ಬಿಟ್ಟುಕೊಟ್ಟವರಿಗೆ ಇದು ಸಣ್ಣ ಲಾಭವಲ್ಲ.

ತೆರಿಗೆಯ ಮಾತು ಬೇರೆ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್‌ಗಳ ಮೇಲಿದ್ದ ಶೇ 12ರ ಜಿಎಸ್‌ಟಿ ಸೊನ್ನೆಗಿಳಿಯಿತು. ಅದಕ್ಕೂ ಹಿಂದಿನ ಬರಹಗಳಿಂದ ಕಲಿತ, ಹೊಸ ಮಾಹಿತಿ ಹುಡುಕದ ಯಂತ್ರ ಹಳೆಯ ದರವನ್ನೇ ಹೇಳಿಬಿಡಬಹುದು, ಅದೂ ಎಳ್ಳಷ್ಟೂ ಅನುಮಾನವಿಲ್ಲದ ಧಾಟಿಯಲ್ಲಿ. ಸರಿಯೋ ತಪ್ಪೋ ಎಂದು ತಿಳಿಯಲು ಕೊನೆಗೆ ಆಡಿಟರನ್ನೇ ಕೇಳಬೇಕು. ಹಾಗಾದರೆ ಉಳಿದದ್ದೇನು?

2025ರ ಜುಲೈಯಲ್ಲೇ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಹೆದರಿದವರು ಕ್ಯೂಆರ್ ಕೋಡನ್ನೇ ಕಿತ್ತುಹಾಕಿದರು. ಆ ದಿಗಿಲಿನಲ್ಲಿ, ನೋಟಿಸಿನಲ್ಲಿ ಏನಿದೆ, ಸರಕಿನ ವಹಿವಾಟಿಗೆ 40 ಲಕ್ಷ, ಸೇವೆಗೆ 20 ಲಕ್ಷದ ಜಿಎಸ್‌ಟಿ ನೋಂದಣಿ ಮಿತಿ ಎಂದರೇನು ಎಂದು ಕನ್ನಡದಲ್ಲಿ ಬಿಡಿಸಿ ಹೇಳುವ ಯಂತ್ರ ಖಂಡಿತ ಆಸರೆ. ಆಡಿಟರ ಮುಂದೆ ಕೂತಾಗ ಏನು ಕೇಳಬೇಕೆಂಬುದಾದರೂ ತಿಳಿಯುತ್ತದೆ. ಆದರೆ ಇಲಾಖೆಗೆ ಕೊಡುವ ಉತ್ತರವನ್ನು ಅದರ ಕೈಯಲ್ಲಿ ಬರೆಸಿ ಹಾಗೆಯೇ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಒಂದು ಅಂಕಿ ತಪ್ಪಿದರೂ ದಂಡ ಕಟ್ಟುವವನು ವ್ಯಾಪಾರಿ.

ಇನ್ನೊಂದು ಖರ್ಚು ಬಿಲ್ಲಿನಲ್ಲಿ ಕಾಣುವುದೇ ಇಲ್ಲ. ಪೇಟೆ ನಡೆಯುವುದು ಉದ್ರಿಯ ಮೇಲೆ. ಯಾರು ಎಷ್ಟು ಬಾಕಿ ಎಂಬುದು ಇಬ್ಬರ ನಡುವಿನ ಗುಟ್ಟು. ಸೆಟ್ಟಿಂಗ್ ಬದಲಿಸದಿದ್ದರೆ ಹಲವು ಉಚಿತ ಸೇವೆಗಳು ನಮ್ಮ ಮಾತುಕತೆಯನ್ನು ತಮ್ಮ ಮಾದರಿಯ ತರಬೇತಿಗೆ ಬಳಸಬಹುದು. ಹೆಸರು, ಫೋನ್ ನಂಬರ್ ತೆಗೆದು ಬರೀ ಮೊತ್ತ ಕೊಟ್ಟರೂ ಸಂದೇಶದ ಕರಡು ಅಷ್ಟೇ ಚೆನ್ನಾಗಿ ಬರುತ್ತದೆ. ಇನ್ನು, ಪುಕ್ಕಟೆ ವರ್ಷ ಮುಗಿದ ಮೇಲೆ ಚಾಟ್‌ಜಿಪಿಟಿ ಗೋಗೆ ತಿಂಗಳಿಗೆ 399 ರೂಪಾಯಿ ಕೊಡಬೇಕೇ? ಇಂಥ ಕರಡುಗಳಷ್ಟೇ ಬೇಕಿರುವ ಅಂಗಡಿಗೆ ಮಾಮೂಲಿ ಉಚಿತ ಆವೃತ್ತಿಯೇ ಸಾಕು.